ಹುಟ್ಟೋಕೆ ಮುಂಚೆ ಬಂದವರು

ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ಎಲ್ಲರೂ ಅವಳನ್ನು ಡೇಟಾ ಅಕ್ಕ ಎನ್ನುತ್ತಿದ್ದರು. ಬೆಳಗ್ಗೆ ಬಂದು ಕೂರುವಷ್ಟರಲ್ಲೇ ಹೊಸ ಮ್ಯಾನೇಜರು ಕರೆದರು.

"ಮೇಡಂ, ತಪ್ಪು ಒತ್ತಿದಾಗ ಬರೋ ಆ ಹರಟೆ ಮೆಸೇಜುಗಳನ್ನೆಲ್ಲ ಇವತ್ತೇ ತೆಗೆದುಬಿಡಿ. ಸಾಫ್ಟ್‌ವೇರ್ ಅಂದ್ಮೇಲೆ ಒಂದು ಗಾಂಭೀರ್ಯ ಬೇಡ್ವಾ?"

ಹರಟೆಯಂತೆ ಹರಟೆ! ಅವು ಅವಳ ಅಮ್ಮನ ಮಾತುಗಳು. ಅಮ್ಮ ಇದೇ ಆಸ್ಪತ್ರೆಯ ನೋಂದಣಿ ಕೌಂಟರಿನಲ್ಲಿ ಕೂತು ತಲೆಗೂದಲು ಬೆಳ್ಳಗೆ ಮಾಡಿಕೊಂಡವಳು. ತಪ್ಪು ವಿವರ ಒಳಗೆ ನುಗ್ಗದ ಹಾಗೆ ಡೇಟಾಬೇಸಿಗೆ ನಿಯಮ ಹಾಕಿದ್ದು ಮಗಳಾದರೆ, ನಿಯಮ ಮುರಿದವರಿಗೆ ಏನು ಹೇಳಬೇಕೆಂದು ಹೇಳಿಕೊಟ್ಟವಳು ಅಮ್ಮ. ಅಂದೊಂದು ಭಾನುವಾರ ಇಬ್ಬರೂ ಒಗೆದ ಬಟ್ಟೆ ಮಡಚುತ್ತ ಕೂತಿದ್ದರು.

"ಇಲ್ಲದ ವಾರ್ಡ್ ನಂಬರ್ ಹಾಕಿದ್ರೆ ಏನಂತೀಯಮ್ಮ?"

"ಪಾಪ, ಅವರು ಎಲ್ಲಿ ಮಲಗ್ಬೇಕು ಅಂತೀನಿ."

"ಹುಟ್ಟಿದ ತಾರೀಖು ನಾಳೇದು ಹಾಕಿದ್ರೆ?"

"ಏನಮ್ಮ, ಹುಟ್ಟೋಕೆ ಮುಂಚೇನೇ ಬಂದ್ಬಿಟ್ರಾ? ಕನ್ನಡಕ ಹಾಕ್ಕೊಂಡು ನೋಡು ಅಂತೀನಿ."

ನಕ್ಕು ನಕ್ಕು ಮಡಚಿದ್ದೆಲ್ಲ ಮತ್ತೆ ಕೆದರಿಹೋಗಿತ್ತು. ಆ ಮಾತುಗಳನ್ನೇ ಅವಳು ಚಾಚೂ ತಪ್ಪದೆ ಬರೆದುಹಾಕಿದ್ದಳು.

ಅಮ್ಮ ಹೋದ ಮೇಲೆ ಗೊತ್ತಾಯಿತು, ಅವಳ ದನಿಯನ್ನು ಎಲ್ಲೂ ಹಿಡಿದಿಟ್ಟಿಲ್ಲ ಎಂದು. ಉಳಿದದ್ದು ಆ ನಾಲ್ಕು ಸಾಲುಗಳು ಮಾತ್ರ. ತೀರಾ ನೆನಪಾದಾಗ ಡೇಟಾ ಅಕ್ಕ ಪರೀಕ್ಷೆಯ ನೆಪದಲ್ಲಿ ಬೇಕೆಂದೇ ತಪ್ಪು ತಾರೀಖು ಒತ್ತಿ ಬೈಸಿಕೊಳ್ಳುತ್ತಿದ್ದಳು. ಈಗ ಅದಕ್ಕೂ ಸಂಚಕಾರ ಬಂತು.

ಏನು ಮಾಡುವುದು, ಸಂಬಳ ಎಣಿಸಿಕೊಂಡ ಮೇಲೆ ಹೇಳಿದ ಮಾತು ಕೇಳಲೇಬೇಕು. ಒಂದೊಂದೇ ಸಾಲು ಅಳಿಸಿ, ಮ್ಯಾನೇಜರು ಒಪ್ಪುವಂಥದ್ದನ್ನು ಬರೆದಳು. ಮಧ್ಯಾಹ್ನ, ಹೊಸದು ಸರಿಯಾಗಿ ಕಾಣುತ್ತದೋ ಇಲ್ಲವೋ ನೋಡಲು ಕೌಂಟರಿಗೆ ಹೋಗಿ, ಅಮ್ಮ ಕೂರುತ್ತಿದ್ದ ಕುರ್ಚಿಯಲ್ಲೇ ಕೂತು, ನಾಳೆಯ ತಾರೀಖು ಒತ್ತಿದಳು.

'ನಿಯಮ ಉಲ್ಲಂಘನೆ. ದಾಖಲೆ ಸ್ವೀಕೃತವಾಗಿಲ್ಲ.'

ಅಷ್ಟೇ. ಅವಳು ಅದನ್ನೇ ನೋಡುತ್ತ ಕೂತಳು. ಅಮ್ಮ ಎರಡನೇ ಸಲ ಹೋದಳು ಅನ್ನಿಸಿತು.

ಪಕ್ಕದ ಕುರ್ಚಿಯ ಗುಮಾಸ್ತೆ ಹೋದ ವರ್ಷವಷ್ಟೇ ಕೆಲಸಕ್ಕೆ ಸೇರಿದವಳು, ಅಮ್ಮನ ಮುಖ ಕೂಡ ಕಂಡವಳಲ್ಲ. ತನ್ನ ಪಾಡಿಗೆ ಚೀಟಿ ಹರಿಯುತ್ತಲೇ ಈ ಕಡೆಯ ಪರದೆಗೆ ಒಮ್ಮೆ ಕಣ್ಣು ಹಾಯಿಸಿದಳು.

"ಏನಮ್ಮ, ಹುಟ್ಟೋಕೆ ಮುಂಚೇನೇ ಬಂದ್ಬಿಟ್ರಾ? ಕನ್ನಡಕ ಹಾಕ್ಕೊಂಡು ನೋಡು."

ಹೇಳಿದ ಮೇಲೆ ಯಾರಿಗೆ ಹೇಳಿದೆನೆಂದು ತಿಳಿದು ನಾಲಿಗೆ ಕಚ್ಚಿಕೊಂಡಳು. "ತಪ್ಪು ತಿಳ್ಕೋಬೇಡಿ ಅಕ್ಕ. ಇಲ್ಲಿ ಯಾರು ತಪ್ಪು ಮಾಡಿದ್ರೂ ನಾವೆಲ್ಲ ಹಂಗೇ ಅನ್ನೋದು. ಬಾಯಿಗೆ ಬಂದ್ಬಿಡ್ತು."

ಡೇಟಾ ಅಕ್ಕನಿಗೆ ಕಣ್ಣು ತುಂಬಿ ಪರದೆ ಕಾಣದಾಯಿತು.

"ಪರವಾಗಿಲ್ಲ," ಎಂದಳು. "ಇನ್ನೊಂದ್ಸಲ ಬೈಯಿ."