ಹಡಗು ಬಂದ ದಿನದ ಹೊಳೆ

"ಏ ಮುದುಕಿ, ನಿಮ್ಮವ್ವನ ಹೇಲು ಬಟ್ಟೆ ತಗಂಡು ಮೇಲಕ್ಕೇಳು. ಇನ್ನರ್ಧ ಗಂಟೇಲಿ ಬಸ್ಸು ಬತ್ತವೆ."

ಇಗ್ನೇಷಿಯಾ ತಲೆ ಎತ್ತಲಿಲ್ಲ. ಮೊಣಕಾಲುದ್ದ ನೀರಿನಲ್ಲಿ ನಿಂತು ದುಪ್ಪಟಿಯನ್ನು ಬಂಡೆಗೆ ಬಡಿಯುತ್ತಲೇ ಇದ್ದಳು. ಲಕ್ವ ಹೊಡೆದು ಹಾಸಿಗೆ ಹಿಡಿದ ತಾಯಿಗೆ ನಿನ್ನೆಯಿಂದ ಭೇದಿ. ಮನೆಯಲ್ಲಿದ್ದ ಮೂರು ದುಪ್ಪಟಿಯೂ ಹೊಲಸಾಗಿ, ತಾಯಿ ಈಗ ಬರೀ ಹಲಗೆಯ ಮೇಲೆ ಬಿದ್ದುಕೊಂಡಿದ್ದಳು.

ಮೆಟ್ಟಿಲ ಮೇಲಿಂದ ಕೂಗುತ್ತಿದ್ದವನು ಆಲ್ಡ್ರಿಕ್, ಜಲಪಾತವನ್ನು ಗುತ್ತಿಗೆ ಹಿಡಿದ ಕಂಪನಿಯ ಮೇಲ್ವಿಚಾರಕ. ಇದೇ ಊರಿನವನು. ಅವನ ತೊಟ್ಟಿಲ ಬಟ್ಟೆಯನ್ನೂ ಅವನವ್ವ ಇದೇ ಬಂಡೆಯ ಮೇಲೆ ಕುಕ್ಕಿದ್ದಳು.

ಎರಡು ವರ್ಷದ ಹಿಂದಿನವರೆಗೆ ಇದು ಬರೀ ಹೊಳೆ. ಆಮೇಲೆ ದೂರದೇಶದ ಯಾವುದೋ ಪ್ರವಾಸ ಪತ್ರಿಕೆ, ಡೊಮಿನಿಕಾ ದ್ವೀಪದ ಕಾಡಿನಲ್ಲಿ ಮನುಷ್ಯರ ಕಾಲು ಸೋಕದ ಜಲಪಾತವೊಂದಿದೆ ಎಂದು ಬರೆಯಿತು. ಇಗ್ನೇಷಿಯಾಳ ಮುತ್ತಜ್ಜಿಯ ಕಾಲದಿಂದ ಊರ ಹೆಂಗಸರು ಇಲ್ಲಿ ನಿಂತು ಒಗೆಯುತ್ತಿದ್ದರು. ಆ ಕಾಲುಗಳು ಮನುಷ್ಯರವೆಂದು ಪತ್ರಿಕೆಗೆ ಯಾರೂ ಹೇಳಿರಲಿಲ್ಲವೇನೋ. ಬೇಲಿ ಬಂತು, ಟಿಕೆಟ್ ಗೂಡು ಬಂತು. ರೋಸೋ ಬಂದರಿಗೆ ಪ್ರವಾಸಿಗರ ಹಡಗು ಬಂದ ದಿನ ನಾಲ್ಕು ಗಂಟೆಯವರೆಗೆ ಊರವರು ನೀರಿಗಿಳಿಯಬಾರದೆಂಬ ಬೋರ್ಡೂ ಬಂತು. ಚಂಡಮಾರುತಕ್ಕೆ ಕಿತ್ತುಹೋದ ಊರಿನ ನಲ್ಲಿಗೆ ಮಾತ್ರ ಇನ್ನೂ ನೀರು ಬಂದಿರಲಿಲ್ಲ.

ಅಷ್ಟರಲ್ಲಿ ಕ್ಯಾಮೆರಾ ನೇತುಹಾಕಿಕೊಂಡ ಬಿಳಿ ಹೆಂಗಸೊಬ್ಬಳು ಮೆಟ್ಟಿಲಿಳಿದು ಬಂದಳು. ಅದೇ ಪತ್ರಿಕೆಯವಳು. ಇಗ್ನೇಷಿಯಾಳನ್ನು ಕಂಡು ಅವಳ ಮುಖ ಅರಳಿತು. ಇಂಥದ್ದೇ ಬೇಕಿತ್ತು, ಈಕೆ ಒಗೆಯುವುದನ್ನು ತೆಗೆಯಬೇಕು ಎಂದಳು.

ಆಲ್ಡ್ರಿಕ್‌ನ ಗಂಟಲು ಒಮ್ಮೆಲೇ ಬೆಣ್ಣೆಯಾಯಿತು. "ಅಕ್ಕಯ್ಯ, ಒಂಚೂರು ನಿಂತ್ಕೋ. ಪೇಪರ್‌ನಲ್ಲಿ ಬತ್ತೀಯ."

ಅವಳ ಹೊಲಸು ದುಪ್ಪಟಿಗಳ ಗಂಟನ್ನು ಅವನು ಕಾಲಿನಿಂದಲೇ ಬಂಡೆಯ ಹಿಂದಕ್ಕೆ ತಳ್ಳಿದ. ಪ್ಲಾಸ್ಟಿಕ್ ಚಪ್ಪಲಿ ಬಿಚ್ಚಿಸಿದ. ಅಂಗಡಿಯಿಂದ ಚೌಕಳಿ ರುಮಾಲು ತರಿಸಿ ತಲೆಗೆ ಕಟ್ಟಿಸಿದ. ಪ್ರವಾಸಿಗರಿಗೆಂದು ಹೋಟೆಲಿನಿಂದ ತರಿಸಿಟ್ಟಿದ್ದ ಇಸ್ತ್ರಿಯ ಬಿಳಿ ಹೊದಿಕೆಯನ್ನು ಅವಳ ಕೈಗೆ ಕೊಟ್ಟ. ಒಂದು ಕಲೆಯಿಲ್ಲದ ಆ ಬಟ್ಟೆಯನ್ನು ಇಗ್ನೇಷಿಯಾ ನಾಲ್ಕು ಸಲ ಅದ್ದಿದಳು, ನಾಲ್ಕು ಸಲ ಎತ್ತಿದಳು. ನಗು ಅಂದಾಗ ಹಲ್ಲು ತೋರಿಸಿದಳು. ಬಾಯಲ್ಲಿ ಮಾತ್ರ ಏನೋ ಗೊಣಗುತ್ತಿದ್ದಳು.

ಏನು ಹಾಡುತ್ತಿದ್ದಾಳೆ ಎಂದು ಬಿಳಿ ಹೆಂಗಸು ಕೇಳಿದಳು.

"ಬಡ್ಡೀಮಗನೆ, ನಿನ್ ಬಾಯಿಗ್ ಮಣ್ ಬೀಳ," ಎಂದು ಇಗ್ನೇಷಿಯಾ ಊರಿನ ಮಾತಿನಲ್ಲಿ ಇನ್ನೊಮ್ಮೆ ಹೇಳಿದಳು.

ಹೊಳೆತಾಯಿಗೆ ಕೃತಜ್ಞತೆ ಹೇಳುವ ಹಳೆಯ ಹಾಡು ಎಂದು ಆಲ್ಡ್ರಿಕ್ ಇಂಗ್ಲಿಷಿನಲ್ಲಿ ವಿವರಿಸಿದ. ಬಿಳಿ ಹೆಂಗಸು ಬರೆದುಕೊಂಡಳು.

ಬಸ್ಸುಗಳು ಬಂದವು. ಚಡ್ಡಿ ತೊಟ್ಟ ಗಂಡಸರು, ಹೆಂಗಸರು ಕೆಳಗಿನ ಮಡುವಿಗೆ ಧುಮುಕತೊಡಗಿದರು. ಆಲ್ಡ್ರಿಕ್ ಇಗ್ನೇಷಿಯಾಳ ತಲೆಯ ರುಮಾಲು ಬಿಚ್ಚಿಕೊಂಡ.

"ಆಯ್ತು, ನಡಿ."

"ನನ್ ಬಟ್ಟೆ ಅರ್ಧ ಒಗ್ದದೆ ಕಣಪ್ಪ. ಅವ್ವ ಬರೀ ಹಲಗೆ ಮ್ಯಾಲೆ ಮಲಗವ್ಳೆ."

"ನಾಲ್ಕಕ್ಕೆ ಬಾ ಅಂತ ಬೋರ್ಡು ಹಾಕಿಲ್ವಾ? ಓದಕ್ ಬರಲ್ವಾ?"

ಇಗ್ನೇಷಿಯಾ ಹೋಟೆಲಿನ ಹೊದಿಕೆಯನ್ನು ಅವನ ಕೈಗೆ ಕೊಟ್ಟಳು. ಅವನು ಅದನ್ನು ಇಡಲು ಹೋದ ಹೊತ್ತಿಗೆ ಬಂಡೆಯ ಹಿಂದಿನಿಂದ ಗಂಟು ಎಳೆದು, ಮಡುವಿಗೆ ನೀರು ಬೀಳುವ ಬಾಯಲ್ಲೇ ಬಿಚ್ಚಿದಳು. ಅವಸರವಿಲ್ಲದೆ ಒಗೆದಳು. ತಿಳಿನೀರು ಹಳದಿಯಾಗಿ ಕೆಳಗೆ ಇಳಿಯಿತು. ಮೊದಲು ಒಬ್ಬ ಗಂಡಸು ಮೂಗು ಹಿಡಿದ. ಆಮೇಲೆ ಹೆಂಗಸರು ಒಬ್ಬೊಬ್ಬರಾಗಿ ದಡ ಹತ್ತತೊಡಗಿದರು. ನಡುವೆ ತೇಲುತ್ತಿದ್ದ ಇಬ್ಬರಿಗೆ ಇನ್ನೂ ಏನೂ ಗೊತ್ತಾಗಿರಲಿಲ್ಲ.

ಆಲ್ಡ್ರಿಕ್ ಬೂಟು ಸಮೇತ ನೀರಿಗೆ ಇಳಿದು ಬಂದು ದುಪ್ಪಟಿಯ ತುದಿ ಹಿಡಿದೆಳೆದ. ಇಗ್ನೇಷಿಯಾ ಇನ್ನೊಂದು ತುದಿ ಬಿಡಲಿಲ್ಲ. ಕೈಬಿಟ್ಟರೆ ಬಟ್ಟೆ ನೇರ ಮಡುವಿಗೆ, ಆ ಇಬ್ಬರ ತಲೆಯ ಮೇಲೆ. ಅದು ಅವನಿಗೂ ಹೊಳೆಯಿತು. ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದು ನಿಂತ.

ಅವಳು ತನ್ನ ತುದಿಯನ್ನು ತಿರುಚತೊಡಗಿದಳು. ಹಿಂಡಿದ ನೀರು ಅವನ ಮಣಿಕಟ್ಟಿನಿಂದ ಬಿಳಿ ಅಂಗಿಯ ತೋಳಿನೊಳಕ್ಕೆ ಇಳಿಯಿತು.

"ಗಟ್ಟಿಯಾಗಿ ಹಿಡ್ಕಳ್ಲಾ," ಎಂದಳು. "ಇನ್ನೂ ಎರಡವೆ."