ಮೂರನೆಯ ಓಲೆ

ನಾನು ಹೆದರುಪುಕ್ಕಲಿ. ಮೀನು ಮಾರುವವಳ ಬಾಯಿ ಕೇಳಿ ಜನ ಮೋಸಹೋಗುತ್ತಾರೆ, ಅಷ್ಟೇ. ತಲೆಯ ಮೇಲೆ ಬುಟ್ಟಿ ಇದ್ದಾಗ ನಾನು ಪೊಲೀಸಿನವನನ್ನೂ ಬಿಟ್ಟವಳಲ್ಲ, ಚೌಕಾಸಿ ಮಾಡುವ ಟೀಚರಮ್ಮನನ್ನೂ ಬಿಟ್ಟವಳಲ್ಲ. ಬುಟ್ಟಿ ಇಳಿಸಿದೆನೋ, ಕಥೆ ಮುಗಿಯಿತು. ಗಾಳಿಗೆ ಬಾಗಿಲು ಬಡಿದುಕೊಂಡರೂ ಎದೆ ಧಸಕ್ಕೆನ್ನುತ್ತದೆ. ನನ್ನ ಗಂಡ ಲಾಸರ್ ಇದನ್ನು ಊರಿಗೆಲ್ಲ ಹೇಳಿಕೊಂಡು ನಗುತ್ತಾನೆ. ನಗಲಿ, ಅವನ ಹಲ್ಲು, ಅವನ ಬಾಯಿ.

ನಮ್ಮೂರು ಆರೋಕ್ಯತುರೈಯ ಕ್ರೈಸ್ತರ ಗುಡಿಯಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಓಲೆ ಓದುತ್ತಾರೆ, ಯಾರು ಯಾರನ್ನು ಮದುವೆಯಾಗುತ್ತಾರೆ ಅಂತ. ಆ ಭಾನುವಾರ ಪೂಜೆಯ ಕೊನೆಯಲ್ಲಿ ಪಾದ್ರಿ ಸಾಮಿಯವರು ಕಾಗದ ತೆಗೆದಾಗ ನಾನು ಕಾಲಲ್ಲೇ ಚಪ್ಪಲಿ ಹುಡುಕುತ್ತಿದ್ದೆ. ಎಲ್ಲರೂ ಆಗ ಅದನ್ನೇ ಮಾಡುವುದು.

"ದಿವಂಗತ ಮಿಕ್ಕೇಲ್ ಮತ್ತು ವ್ಯಾಕುಲಮ್ಮ ಇವರ ಮಗ ತದೇಯು, ಸವೇರಿಯಾರ್ ಮತ್ತು ಫಿಲೋಮಿ ಇವರ ಮಗಳು ಜೆನೋವಾ, ಮದುವೆಯಾಗಲು ನಿಶ್ಚಯಿಸಿದ್ದಾರೆ. ಇದು ಮೊದಲನೆಯ ಓಲೆ. ಅಡ್ಡಿಯೇನಾದರೂ ತಿಳಿದವರು ನನಗೆ ತಿಳಿಸಬೇಕು. ತಿಳಿದೂ ಮುಚ್ಚಿಡುವುದು ಪಾಪ."

ನನ್ನ ಕಾಲು ಅಲ್ಲೇ ನಿಂತಿತು. ಅಡ್ಡಿ ನನಗೆ ತಿಳಿದಿತ್ತು. ಅಡ್ಡಿಗೆ ವಾರಕ್ಕೆ ಎರಡು ಸಲ ಬೂತಾಯಿ ಮೀನು ಮಾರುತ್ತಿದ್ದವಳೇ ನಾನು.

ತಕ್ಕಲೆಯಲ್ಲಿ ನಾನು ಮೀನು ಹೊತ್ತು ತಿರುಗುವ ಬೀದಿಯ ಕೊನೆಗೆ ಒಂದು ಹೆಂಚಿನ ಮನೆ. ಅಲ್ಲಿ ಸೆಲ್ವಿ ಅಂತ ಒಬ್ಬ ಹುಡುಗಿ, ಮೂರು ವರ್ಷದ ಮಗು. ಗಂಡ ಐಸ್ ಲಾರಿ ಓಡಿಸುತ್ತಾನೆ, ವಾರಕ್ಕೆ ಎರಡು ದಿನ ಬರುತ್ತಾನೆ ಎನ್ನುತ್ತಿದ್ದಳು. ಒಂದು ತಿಂಗಳ ಹಿಂದೆ ಬಾಗಿಲಲ್ಲಿ ಬುಟ್ಟಿ ಇಳಿಸಿ ಕುಳಿತಿದ್ದೆ. ಒಳಗಿನಿಂದ ಲುಂಗಿ ಉಟ್ಟು, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದವನು ತದೇಯು. ನಮ್ಮೂರಿನ ಎರಡು ದೋಣಿಯ ಒಡತಿ ವ್ಯಾಕುಲಮ್ಮನ ಮಗ. ಅವನೂ ನನ್ನನ್ನು ನೋಡಿದ. ಅವನ ಮುಖ ಬಿಳಿಚಿಕೊಂಡಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ. ಅವನು ನಕ್ಕ. "ಒಳ್ಳೇ ಮೀನು ನೋಡಿ ಕೊಡಿ ಅತ್ತೆ," ಎಂದ.

ಮಾರನೆಯ ಸಂಜೆ ದಡದಲ್ಲಿ ಒಣಮೀನು ತಿರುವಿ ಹಾಕುತ್ತಿದ್ದಾಗ ಪಕ್ಕದಲ್ಲಿ ಬಂದು ಕುಕ್ಕರುಗಾಲಲ್ಲಿ ಕುಳಿತ. ನನ್ನ ಜೊತೆ ತಾನೂ ಎರಡು ಮೀನು ತಿರುವಿದ.

"ನಿಮ್ಮ ಸೂಸೈ ನಮ್ಮ ದೋಣೀಲೇ ಹೋಗೋದಲ್ವಾ ಅತ್ತೆ?"

"ಹೂಂ."

"ಒಳ್ಳೇ ಹುಡುಗ. ಈಜು ಬರುತ್ತೆ. ಆದ್ರೂ ನೋಡಿ, ಕಡಲು ದೊಡ್ಡದು. ಅಲ್ಲಿ ಏನಾದ್ರೂ ಆದ್ರೆ ನೋಡೋರು ಯಾರು?" ಎದ್ದು ಲುಂಗಿಯ ಮರಳು ಕೊಡವಿಕೊಂಡ. "ಬರ್ತೀನಿ ಅತ್ತೆ. ಹುಷಾರು."

ಅಷ್ಟೇ. ಒಂದು ಕೆಟ್ಟ ಮಾತಿಲ್ಲ. ಅಂದಿನಿಂದ ಸೂಸೈ ದೋಣಿ ಹತ್ತಿದಾಗಲೆಲ್ಲ ಅದು ಕಣ್ಮರೆಯಾಗುವವರೆಗೂ ನಾನು ದಡದಲ್ಲೇ ನಿಂತಿರುತ್ತಿದ್ದೆ. ನನಗಿರುವುದು ಅವನೊಬ್ಬನೇ ಮಗ. ಇಪ್ಪತ್ತೆರಡು ವರ್ಷ.

ಮೊದಲ ಓಲೆಯ ದಿನ ಮನೆಗೆ ಬಂದು, ನಾನು ನೋಡಿದ್ದನ್ನೂ ತದೇಯು ಆಡಿದ್ದನ್ನೂ ಗಂಡನಿಗೆ ಹೇಳಿದೆ. ಲಾಸರ್ ಬಲೆಯ ಹರಕು ಹೊಲಿಯುತ್ತಿದ್ದವನು ಸೂಜಿ ಕೆಳಗಿಟ್ಟ.

"ಲೇ ಪೆರ್ಪೆತ್ತು, ಬಾಯಿಗೆ ಬೀಗ ಹಾಕು."

"ಆ ಹುಡುಗಿ ಬಾಳು?"

"ಯಾರ ಮಗಳವಳು? ಫಿಲೋಮಿ ಮಗಳು! ಒಂಬತ್ತು ವರ್ಷದಿಂದ ನಿನ್ನ ಮುಖ ಕಂಡ್ರೆ ಕ್ಯಾಕರಿಸಿ ಉಗಿಯೋಳು. ನೀನು ಹೋಗಿ ಹೇಳಿದ್ರೆ ಅವಳು ನಂಬ್ತಾಳಾ? ಊರು ನಂಬುತ್ತಾ? ಹೊಟ್ಟೆಕಿಚ್ಚಿಗೆ ಮದುವೆ ಮುರೀತಾವ್ಳೆ ಅಂತಾರೆ. ಮದುವೆ ಹೇಗೂ ಆಗುತ್ತೆ, ನಮ್ಮ ಹುಡುಗನ ಜೀವ ಹೋಗುತ್ತೆ."

ಅವನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಮಾರುಕಟ್ಟೆಯಲ್ಲಿ ಕೂರುವ ಜಾಗಕ್ಕಾಗಿ ನಾನೂ ಫಿಲೋಮಿಯೂ ಜುಟ್ಟು ಹಿಡಿದು ಜಗಳವಾಡಿದ್ದನ್ನು ಇಡೀ ಕರಾವಳಿ ನೋಡಿದೆ. ಅವಳು ನನ್ನ ಬುಟ್ಟಿಯನ್ನು ಚರಂಡಿಗೆ ಸುರಿದಳು, ನಾನು ಅವಳ ಸೆರಗು ಹರಿದೆ. ಪೂಜೆಯಲ್ಲಿ ಪಕ್ಕದವರಿಗೆ ಸಮಾಧಾನವಿರಲಿ ಎಂದು ಕೈಮುಗಿಯುವ ಹೊತ್ತಿಗೆ ನಾವಿಬ್ಬರೂ ಒಬ್ಬೊಬ್ಬರು ಒಂದೊಂದು ಗೋಡೆ ನೋಡುತ್ತೇವೆ. ಆದರೆ ಅವಳ ಮಗಳು ಜೆನೋವಾ ಹಾಗಲ್ಲ. ಪ್ರತಿ ಭಾನುವಾರ ಅಮ್ಮನ ಬೆನ್ನ ಹಿಂದಿನಿಂದ ಕತ್ತು ಚಾಚಿ ನನಗೆ ಕೈಮುಗಿಯುತ್ತಾಳೆ, ಒಂಬತ್ತು ವರ್ಷದಿಂದ. ಆ ಒಂದು ನಮಸ್ಕಾರ ಇಲ್ಲದಿದ್ದರೆ ನಾನು ಗಂಡನ ಮಾತು ಕೇಳಿ ಸುಮ್ಮನಿದ್ದುಬಿಡುತ್ತಿದ್ದೆನೇನೋ.

ಎರಡನೆಯ ಓಲೆಯೂ ಓದಿಯಾಯಿತು. ಮದುವೆಯ ಚಪ್ಪರದ ಕಂಬಗಳು ಬಂದು ಬಿದ್ದವು. ಆಗ ನನಗೊಂದು ಉಪಾಯ ಹೊಳೆಯಿತು. ಪಾಪನಿವೇದನೆಯಲ್ಲಿ ಹೇಳಿಬಿಡುವುದು! ಅಲ್ಲಿ ಹೇಳಿದ್ದು ಸಾಮಿಯವರ ಕಿವಿಯಿಂದ ಹೊರಗೆ ಹೋಗುವುದಿಲ್ಲ, ತದೇಯುವಿಗೆ ಗೊತ್ತಾಗುವುದಿಲ್ಲ, ನನ್ನ ತಲೆಯ ಭಾರವೂ ಇಳಿಯಿತು. ಓದಿದವರು, ಅವರೇ ಏನಾದರೂ ದಾರಿ ಮಾಡುತ್ತಾರೆ. ಎಷ್ಟು ಜಾಣೆ ನಾನು ಅಂದುಕೊಂಡೆ. ಶನಿವಾರ ಸಂಜೆ ಹೋಗಿ ಜಾಲರಿಯ ಮುಂದೆ ಮಂಡಿಯೂರಿ ಎಲ್ಲ ಒದರಿಬಿಟ್ಟೆ. ಹೆಸರು, ಬೀದಿ, ಮಗು, ಎಲ್ಲ.

ಜಾಲರಿಯ ಆಚೆ ಕುರ್ಚಿ ಕಿರುಗುಟ್ಟಿತು, ಸಾಮಿ ಮುಂದಕ್ಕೆ ಬಾಗಿದರು.

"ಅಮ್ಮಾ," ಎಂದರು ಸಾಮಿ. ಚಿಕ್ಕ ವಯಸ್ಸಿನವರು. "ಇದನ್ನ ಇಲ್ಲಿಂದ ಎದ್ದು ನನ್ನ ಮನೆಗೆ ಬಂದು ಇನ್ನೊಂದ್ಸಲ ಹೇಳಿ."

"ಅಯ್ಯೋ ಇಲ್ಲ ಸಾಮಿ. ಹೊರಗೆ ಹೋಗಬಾರ್ದು ಅಂತಾನೇ ಇಲ್ಲಿ ಹೇಳಿದ್ದು."

"ಇಲ್ಲಿ ಹೇಳಿದ್ದನ್ನ ನಾನು ಕೇಳೇ ಇಲ್ಲದ ಹಾಗಿರಬೇಕು ಅಮ್ಮಾ. ಓಲೆ ನಿಲ್ಲಿಸೋ ಹಾಗಿಲ್ಲ. ಯಾರಿಗೂ ಸುಳಿವು ಕೊಡೋ ಹಾಗಿಲ್ಲ. ಈ ಜಾಲರಿ ಬಿಟ್ಟು ಎದ್ದ ಮೇಲೆ ನಿಮ್ಮ ಹತ್ರ ಕೂಡ ಮಾತೆತ್ತೋ ಹಾಗಿಲ್ಲ. ತಿಳೀತಾ?"

ತಿಳಿಯಿತು. ಊರಲ್ಲಿ ಈ ಮದುವೆಯನ್ನು ನಿಲ್ಲಿಸುವ ಶಕ್ತಿ ಇದ್ದದ್ದು ಒಂದೇ ಬಾಯಿಗೆ. ಅದನ್ನು ನಾನೇ ನನ್ನ ಕೈಯಾರೆ ಹೊಲಿದು ಬಂದಿದ್ದೆ. ಎದ್ದು ಅವರ ಮನೆಯ ಮೆಟ್ಟಿಲವರೆಗೂ ಹೋದೆ, ಸತ್ಯವಾಗಿ ಹೋದೆ. ಅಲ್ಲಿ ತದೇಯು ಗುಡಿಗೆ ಸುಣ್ಣ ಬಳಿಯುವವರ ಜೊತೆ ನಿಂತು ಬೀಡಿ ಸೇದುತ್ತಿದ್ದ. "ಏನತ್ತೆ, ಸಾಮಿ ಮನೇಲಿ ಏನು ಕೆಲಸ?" ಎಂದ. ನಾನು, "ಏನಿಲ್ಲ ಮಗಾ, ಮೇಣದಬತ್ತಿ," ಎಂದು ಓಡಿ ಬಂದುಬಿಟ್ಟೆ. ಥೂ, ನನ್ನ ಜನ್ಮಕ್ಕಿಷ್ಟು.

ಮನೆಗೆ ಬಂದರೆ ಜೆನೋವಾ ಹೊಸ್ತಿಲಲ್ಲಿ ಕುಳಿತಿದ್ದಳು.

"ಅಮ್ಮಂಗೆ ಹೇಳ್ಬೇಡಿ ಅತ್ತೆ, ಕದ್ದು ಬಂದಿದೀನಿ. ಮದುವೆಗೆ ನೀವು ಬರ್ಬೇಕು. ಅಮ್ಮ ಕರೆಯಲ್ಲ, ನಾನು ಕರೀತಿದೀನಿ. ಜಗಳ ಇಟ್ಕೊಂಡು ನಾನು ಹೊಸ ಬಾಳು ಹೇಗೆ ಶುರು ಮಾಡ್ಲಿ?"

"ಹುಡುಗ... ನಿಂಗೆ ಒಪ್ಪಿಗೇನಾ ತಾಯಿ?"

ಅವಳು ತಲೆ ತಗ್ಗಿಸಿ ನಕ್ಕಳು. "ತುಂಬಾ ಒಳ್ಳೇರು ಅತ್ತೆ. ಮಕ್ಕಳು ಅಂದ್ರೆ ಪ್ರಾಣ ಅಂತೆ ಅವರಿಗೆ."

ಈಗ ಹೇಳು, ಈಗ ಹೇಳು ಎಂದು ಒಳಗೆ ಯಾರೋ ಗುದ್ದುತ್ತಿದ್ದರು. ಹೊರಗೆ ಸೂಸೈ ಶಿಳ್ಳೆ ಹಾಕುತ್ತ ಬರುವುದು ಕೇಳಿಸಿತು, ನಾನು ಬಾಯಿ ಮುಚ್ಚಿಕೊಂಡೆ. ಅವಳು ಹೋದಳು. ನಾನು ಒಲೆಯ ಮುಂದೆ ಕುಳಿತು ಅತ್ತುಬಿಟ್ಟೆ.

ಮೂರನೆಯ ಭಾನುವಾರ. ಸಾಮಿಯವರು ಕಾಗದ ತೆಗೆದರು. ಅವರು ನನ್ನ ಕಡೆ ನೋಡಲಿಲ್ಲ, ನೋಡುವ ಹಾಗಿಲ್ಲವಲ್ಲ. ಹೆಸರುಗಳನ್ನು ಓದಿದರು. "ಇದು ಮೂರನೆಯ ಓಲೆ, ಕೊನೆಯದು," ಎಂದರು. "ಅಡ್ಡಿಯೇನಾದರೂ ತಿಳಿದವರು..." ಅಲ್ಲಿ ನಿಲ್ಲಿಸಿದರು. ಜನ ಚಪ್ಪಲಿ ಹುಡುಕುತ್ತಿದ್ದರು. ಈ ಕರಾವಳಿಯಲ್ಲಿ ಆ ಮಾತಿಗೆ ಗುಡಿಯೊಳಗೆ ಯಾರೂ ಎದ್ದು ಉತ್ತರ ಕೊಟ್ಟದ್ದು ನಾನು ಕೇಳಿಲ್ಲ.

ನನಗೆ ಧೈರ್ಯ ಬಂತು ಅಂತ ದಯವಿಟ್ಟು ತಿಳಿಯಬೇಡಿ. ಎದ್ದು ನಿಂತದ್ದು ಹೇಗೋ ನನಗೇ ತಿಳಿಯದು. ಬಾಯಿ ತೆರೆದರೆ ಬಂದದ್ದು ಬೀದಿಯಲ್ಲಿ ಮೀನು ಕೂಗುವ ನನ್ನ ಕೂಗು, ಗುಡಿಯ ಸೂರು ಹಾರುವಷ್ಟು ದೊಡ್ಡದಾಗಿ.

"ಅಡ್ಡಿ ಇದೆ ಸಾಮೀ! ತಕ್ಕಲೇಲಿ ಅವನಿಗೆ ಹೆಂಡ್ತಿ ಇದ್ದಾಳೆ. ತಾಳಿ ಕಟ್ಟಿದಾನೆ. ಮಗು ಇದೆ. ನಾನೇ ಕಣ್ಣಾರೆ ನೋಡಿದೀನಿ!"

ಇಡೀ ಗುಡಿ ನನ್ನ ಕಡೆ ತಿರುಗಿತು. ಗಂಡಸರ ಸಾಲಿನಲ್ಲಿ ತದೇಯು ನಗುತ್ತಲೇ ಎದ್ದ.

"ನೋಡಿದ್ರಾ? ಫಿಲೋಮಿ ಅತ್ತೆ ಮೇಲಿನ ಸೇಡು. ಜಾಗದ ಜಗಳ ಗುಡಿಯೊಳಗೂ ಬಂತು."

"ಹೌದೌದು," ಎಂದರು ನಾಲ್ಕು ಜನ. "ನಾಚಿಕೆಗೆಟ್ಟವಳು," ಎಂದಳು ಯಾರೋ. ಫಿಲೋಮಿ ಬೆಂಚುಗಳ ನಡುವೆ ನುಗ್ಗಿ ಬಂದು ಚಟೀರ್ ಎಂದು ನನ್ನ ಕೆನ್ನೆಗೆ ಬಾರಿಸಿದಳು. ಬೇರೆ ದಿನವಾಗಿದ್ದರೆ ಅವಳ ಕೈ ಮುರಿದಿರುತ್ತಿದ್ದೆ. ಕೈ ಮುಗಿದು ನಿಂತೆ.

"ಹೊಡಿ ಫಿಲೋಮಿ. ಇನ್ನೊಂದು ಹೊಡಿ. ಮಗಳನ್ನ ಮಾತ್ರ ಕೊಡಬೇಡ."

ಆಗ ಮುಂದಿನ ಸಾಲಿನಲ್ಲಿ ಬಿಳಿ ಸೀರೆ ಎದ್ದಿತು. ವ್ಯಾಕುಲಮ್ಮ. ಊರಿನ ಅರ್ಧ ಗಂಡಸರಿಗೆ ಅನ್ನ ಕೊಡುವವಳು. ಅವಳು ಹತ್ತಿರ ಬಂದಂತೆ ಎಲ್ಲರೂ ದಾರಿ ಬಿಟ್ಟರು. ನನಗೆ ತದೇಯುವಿಗಿಂತ ಅವಳನ್ನು ಕಂಡರೇ ಹೆಚ್ಚು ಭಯ.

"ಮಗು ಇದೆ ಅಂದೆಯಲ್ಲ," ಎಂದಳು ಮೆಲ್ಲಗೆ. "ಗಂಡೋ ಹೆಣ್ಣೋ?"

"ಹೆಣ್ಣು ಅಕ್ಕಾ."

"ಹೆಸರೇನು? ಹೇಳು ನೋಡೋಣ. ಸುಳ್ಳಾಡೋಳಿಗೆ ಹೆಸರು ಎಲ್ಲಿಂದ ಬರುತ್ತೆ?"

"ವ್ಯಾಕುಲಮ್ಮ ಅಂತ ಅಕ್ಕಾ."

ನಮ್ಮಲ್ಲಿ ಮೊದಲ ಹೆಣ್ಣುಮಗುವಿಗೆ ಅಪ್ಪನ ತಾಯಿಯ ಹೆಸರು. ಅದರಲ್ಲೂ ಈ ಹೆಸರನ್ನು ಮೂವತ್ತು ವರ್ಷದಿಂದ ಯಾರೂ ತಮ್ಮ ಮಗುವಿಗೆ ಇಟ್ಟಿಲ್ಲ. ಈಗೆಲ್ಲ ಶೈನಿ, ಬ್ಲೆಸಿ. ಮುದುಕಿ ನಿಧಾನವಾಗಿ ಮಗನ ಕಡೆ ತಿರುಗಿದಳು. ಅವನ ನಗು ಎಲ್ಲಿಗೆ ಹೋಯಿತೋ. ಅವನು ನೆಲ ನೋಡುತ್ತಿದ್ದ.

ಜೆನೋವಾ ಅಮ್ಮನ ಕೈ ಹಿಡಿದು ಹೊರಗೆ ನಡೆದಳು. ಸಾಮಿಯವರು ಓಲೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯೊಳಗೆ ಇಟ್ಟುಕೊಂಡು, "ಸಮಾಧಾನದಿಂದ ಹೋಗಿ," ಎಂದರು. ಯಾರೂ ಕದಲಲಿಲ್ಲ.

ಆ ಇಡೀ ದಿನ ನಾವು ಬಾಗಿಲು ಹಾಕಿಕೊಂಡು ಕುಳಿತೆವು. ಬಾಯಿಗೆ ಬೀಗ ಹಾಕು ಎಂದಿದ್ದ ಲಾಸರ್ ಹುಟ್ಟುಗೋಲು ಹಿಡಿದು ಬಾಗಿಲ ಹಿಂದೆ ಕೂತಿದ್ದ. "ನಿನ್ನಂಥ ಪುಕ್ಕಲಿನ ಕಟ್ಕೊಂಡು ನಂಗೆ ಈ ಗತಿ," ಎಂದು ಗೊಣಗುತ್ತಿದ್ದ. ತದೇಯು ದಡದಲ್ಲಿ ನನಗೆ ಹೇಳಿದ್ದನ್ನು ಸೂಸೈಗೆ ಆಗಲೇ ನಾನು ಮೊದಲ ಸಲ ಹೇಳಿದ್ದು. ಅವನು ನನ್ನ ಪಕ್ಕ ಬಂದು ಕೂತು, "ನಾಳೆಯಿಂದ ಆ ದೋಣಿಗೆ ಹೋಗಲ್ಲಮ್ಮಾ. ಕೂಲಿ ಸಿಗುತ್ತೆ ಎಲ್ಲಾದ್ರೂ," ಎಂದ. ಬೀದಿಯಲ್ಲಿ ಹೆಜ್ಜೆ ಸದ್ದಾದಾಗಲೆಲ್ಲ ಮೂವರೂ ಬಾಗಿಲ ಅಗುಳಿ ನೋಡುತ್ತಿದ್ದೆವು.

ಸೋಮವಾರ ಹೊಟ್ಟೆಪಾಡು ಬಿಡುತ್ತದೆಯೇ. ಬೆಳಗಿನ ಬಸ್ಸಿಗೆ ಬುಟ್ಟಿ ಹೊತ್ತು ಹೋದೆ. ನಿಲ್ದಾಣದ ಕಲ್ಲಿನ ಮೇಲೆ ವ್ಯಾಕುಲಮ್ಮ ಒಬ್ಬಳೇ ಕುಳಿತಿದ್ದಳು. ಹಿಂದಿರುಗಿ ಓಡೋಣವೆಂದರೆ ತಲೆಯ ಮೇಲೆ ಬುಟ್ಟಿ.

"ತಕ್ಕಲೆಗೆ ತಾನೇ?" ಎಂದಳು.

"ಹೂಂ ಅಕ್ಕಾ."

ಬಸ್ಸು ಬಂತು. ಅವಳೂ ಹತ್ತಿದಳು. ಮೀನಿನವರು ಕೂರುವ ಹಿಂದಿನ ಸೀಟಿನಲ್ಲಿ ನನ್ನ ಪಕ್ಕದಲ್ಲೇ ಕುಳಿತಳು. ನಾನು ಜಪಮಾಲೆಯನ್ನು ಎಣಿಸುವುದಕ್ಕೂ ಹೆದರಿ ಸೆರಗಿನಲ್ಲಿ ಬಿಗಿಹಿಡಿದಿದ್ದೆ. ಈಗ ಬೈಯುತ್ತಾಳೆ, ಈಗ ಕುತ್ತಿಗೆಗೆ ಕೈ ಹಾಕುತ್ತಾಳೆ ಎಂದು ಕಾಯುತ್ತಿದ್ದೆ.

ತಿರುವಿನಲ್ಲಿ ಬಸ್ಸು ವಾಲಿದಾಗ ಅವಳು ನನ್ನ ಮುಂಗೈ ಹಿಡಿದುಕೊಂಡಳು. ಬಸ್ಸು ನೆಟ್ಟಗಾದ ಮೇಲೂ ಬಿಡಲಿಲ್ಲ.

"ಪೆರ್ಪೆತ್ತು," ಎಂದಳು, ನನ್ನ ಮುಖ ನೋಡದೆ. "ಆ ಹುಡುಗಿ ನನ್ನನ್ನ ಒಳಗೆ ಬಿಡ್ತಾಳಾ?"

"ಗೊತ್ತಿಲ್ಲ ಅಕ್ಕಾ," ಎಂದೆ. "ಬಾಗಿಲು ನಾನು ತಟ್ತೀನಿ. ನೀವು ನನ್ನ ಹಿಂದೆ ನಿಂತ್ಕೊಳ್ಳಿ."