ಬಲಗಡೆಯ ಕೊಯ್ತ

ಮಾರನೆಯ ದಿನ ಶಶಿಯ ಹಾಲು-ತುಪ್ಪ. ಎದೆ ಹಿಡಿದುಕೊಂಡು ಕೂತ ನನ್ನ ಗಂಡ ಮತ್ತೆ ಏಳಲಿಲ್ಲ. ಸತ್ತವರ ಫೋಟೋಗೆ ಚೌಕಟ್ಟು ಬೇಕೆಂದರೆ ಕಾಮಾಕ್ಷಿಪಾಳ್ಯದವರೆಲ್ಲ ನಮ್ಮ ಅಂಗಡಿಗೇ ಬರುತ್ತಾರೆ. ಈ ಸಲ ಅದು ನಮಗೇ ಬೇಕಾಗಿತ್ತು.

ಪಕ್ಕದ ಮನೆಯ ಕೃಷ್ಣಯ್ಯ, "ಸೂತಕದಲ್ಲಿ ಮಿಷನ್ ಯಾಕೆ ಓಡಿಸ್ತೀರ? ವಿಜಯನಗರ ಮಾರ್ಕೆಟ್‌ನಲ್ಲಿ ರೆಡಿಮೇಡ್ ಸಿಗುತ್ತೆ, ತಂದ್ಬಿಡ್ತೀನಿ" ಎಂದರು. ಹೇಳುವವರಿಗೇನು, ಬಿಟ್ಟಿ ಬಾಯಿ.

ಮಾವ ವೆಂಕಟಸ್ವಾಮಿ ತಲೆ ಎತ್ತಲಿಲ್ಲ. "ಊರೋರಿಗೆಲ್ಲ ಮೂಲೆ ಕೂಡಿಸಿ ಕೊಟ್ಟೋನು ನನ್ ಮಗನ್ನ ಪ್ಲಾಸ್ಟಿಕ್‌ನಲ್ಲಿ ಕೂರಿಸ್ಲಾ? ಅವನ್ದೊಂದು ಮಾಡೋಕಾಗ್ದಿದ್ರೆ ಅಂಗಡಿ ಮುಚ್ಚಿಬಿಡ್ತೀನಿ."

ಮಾವ ಸುಮ್ಮನೆ ಆಡುವವರಲ್ಲ. ನನಗೆ ಭಯವಾಯಿತು. ಆ ಅಂಗಡಿಯಲ್ಲಿ ಪಾಲಿಶ್ ಕೆಲಸ ನನ್ನದು. ಗಂಡನೂ ಇಲ್ಲ, ಅಂಗಡಿಯೂ ಇಲ್ಲ ಎಂದಾದರೆ ನಾನು ಯಾವ ಗೋಡೆ ನೋಡಿಕೊಂಡು ಕೂರಲಿ?

ಗರಗಸದ ಮೇಜಿನ ಮೇಲೆ ಹಿಂದೆ ಮುಂದೆ ಜಾರುವ ಒಂದು ಹಲಗೆ, ಅದರ ಮೇಲೆ ಮನೆಯ ಸೂರಿನ ಹಾಗೆ ಓರೆಯಾಗಿ ಕೂರಿಸಿದ ಎರಡು ತಡೆಪಟ್ಟಿ, ನಡುವೆ ಬ್ಲೇಡು. ಓರೆ ಕೊಯ್ಯಲು ಶಶಿಯೇ ಮಾಡಿದ ಜಿಗ್ ಅದು. ಚೌಕಟ್ಟಿನ ಪಟ್ಟಿಯ ಒಂದು ತುದಿಯನ್ನು ಎಡಗಡೆ ನಿಂತು ಮಾವ ಕೊಯ್ದರೆ, ಇನ್ನೊಂದು ತುದಿಯನ್ನು ಬಲಗಡೆ ನಿಂತು ಶಶಿ ಕೊಯ್ಯುತ್ತಿದ್ದ.

ಅಂದು ಮಾವ ಬಲಗಡೆಗೆ ಹೋಗಲೇ ಇಲ್ಲ. ತೇಗದ ಪಟ್ಟಿಗಳನ್ನು ಮಗುಚಿ ಮಗುಚಿ ಎರಡು ತುದಿಗಳನ್ನೂ ಎಡಗಡೆಯೇ ಕೊಯ್ದರು. ಜೋಡಿಸಿದಾಗ ಮೂರು ಮೂಲೆ ಕೂಡಿದವು, ನಾಲ್ಕನೆಯದು ಬಾಯಿ ಬಿಟ್ಟಿತು. ಅದನ್ನು ಒತ್ತಿ ಮುಚ್ಚಿದರೆ ಇನ್ನೊಂದು ಬಾಯಿ ಬಿಟ್ಟಿತು.

"ಮರದಪುಡಿ, ಗೋಂದು ಕಲಸಿ ತುಂಬ್ಲಾ?" ಎಂದೆ.

"ಬೇಡ. ನನ್ ಕೈ ಮುಗೀತು." ಮಾವ ಸ್ವಿಚ್ ಆರಿಸಿದರು.

ತಪ್ಪು ಅವರ ಕೈಯದಲ್ಲ, ನನಗೆ ಗೊತ್ತಿತ್ತು. "ಮಾವ, ಈ ಜಿಗ್ಗು ಎಡಗಡೆ ನಲವತ್ತೈದು ಡಿಗ್ರಿಗಿಂತ ಒಂದೆಳೆ ಕಮ್ಮಿ, ಬಲಗಡೆ ಒಂದೆಳೆ ಜಾಸ್ತಿ. ಎಡಕ್ಕೆ ಬಲ ಸೇರಿದ್ರೇನೇ ತೊಂಬತ್ತು. ಹೇಗೂ ಇಬ್ರೂ ನಿಲ್ತೀವಲ್ಲ ಅಂತ ಅವ್ರು ಇದನ್ನ ತಿದ್ಲೇ ಇಲ್ಲ. ನೀವು ಎಡಕ್ಕೆ ಎಡಾನೇ ಸೇರಿಸಿದ್ರೆ ಹೇಗೆ ಕೂಡುತ್ತೆ?"

ಮಾವನಿಗೆ ಗೊತ್ತಿಲ್ಲದ ವಿಷಯವಲ್ಲ ಇದು. "ಅದು ಅವನ ಜಾಗ ಕಣಮ್ಮ" ಎಂದರು.

"ಅದಕ್ಕೇ ನಾನು ನಿಲ್ತೀನಿ. ಇನ್ಯಾರು ನಿಲ್ಬೇಕು?"

ದನಿ ಜೋರಾಯಿತು. ಸತ್ತವನ ಮೇಲೆ, ಸಮಾಧಾನ ಹೇಳಲು ಬಂದವರ ಮೇಲೆ, ಎಲ್ಲರ ಮೇಲೂ ನನಗೆ ಸಿಟ್ಟಿತ್ತು. ಬಾಗಿಲಲ್ಲಿ ಕೂತಿದ್ದ ಅತ್ತೆ ಮುನಿತಾಯಮ್ಮ, "ಕಲಾ, ಕೈ ಜೋಪಾನ ಕಣೇ" ಎಂದರು. ಬೇಡ ಎನ್ನಲಿಲ್ಲ.

ಪ್ರತಿ ಪಟ್ಟಿಯ ಒಂದೊಂದು ತುದಿಯನ್ನು ಮತ್ತೆ ಕೊಯ್ದರೆ ಸಾಕಿತ್ತು. ಅದಕ್ಕಿಂತ ಗಿಡ್ಡವಾದರೆ ಫೋಟೋ ಹಿಡಿಸುವುದಿಲ್ಲ, ಬೇರೆ ತೇಗವೂ ಇರಲಿಲ್ಲ. ಬಲಗಡೆ ನಿಂತು ಪಟ್ಟಿಯನ್ನು ಜಿಗ್ಗಿಗೆ ಒತ್ತಿ ಹಿಡಿದೆ. ಸ್ವಿಚ್ ಹಾಕಿ ಹಲಗೆಯನ್ನು ಬ್ಲೇಡಿನ ಕಡೆ ನೂಕಿದೆ.

"ನೂಕ್ಬೇಡ. ಬ್ಲೇಡು ತಾನೇ ತಿನ್ಲಿ, ನೀನು ಜೊತೇಲಿ ಹೋಗು" ಎಂದರು ಮಾವ.

ನಾಲ್ಕೂ ಪಟ್ಟಿ ಮುಗಿದ ಮೇಲೆ ಜೋಡಿಸಿದೆವು. ಮಾವ ಒಂದೊಂದು ಮೂಲೆಯ ಮೇಲೂ ಉಗುರು ಎಳೆದು ನೋಡಿದರು. ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಹೋಗಿ ಗೋಂದು ತಂದರು.

ಮಾರನೆಯ ದಿನ ಸಮಾಧಿಗೆ ಹಾಲು-ತುಪ್ಪ ಬಿಟ್ಟು ಬಂದ ಮೇಲೆ ಮನೆಯಲ್ಲಿ ಫೋಟೋ ಇಟ್ಟೆವು. ಕೃಷ್ಣಯ್ಯ ತಂದ ಸುಗಂಧರಾಜದ ಹಾರ ಎಷ್ಟು ದಪ್ಪಗಿತ್ತೆಂದರೆ ಚೌಕಟ್ಟೇ ಕಾಣುತ್ತಿರಲಿಲ್ಲ. ಮಾವ ಎದ್ದು ಹೋಗಿ ಹಾರವನ್ನು ಪಕ್ಕಕ್ಕೆ ಸರಿಸಿದರು. ಕೂತವರಿಗೆಲ್ಲ ಮೂಲೆ ಕಾಣುವಂತೆ ಬಗ್ಗಿ, ಬೆರಳಿಟ್ಟು ತೋರಿಸಿದರು.

"ಎಡಗಡೆ ಕೊಯ್ದಿದ್ದು ನಾನು. ಬಲಗಡೆ ನಮ್ಮ ಕಲಾ. ತಿಥಿ ಆದ್ಮೇಲೆ ಅಂಗಡಿ ತೆಗೀತೀವಿ."

ಅಲ್ಲಿಯವರೆಗೆ ಬಾರದ ಅಳು ನನಗೆ ಆಗ ಬಂತು.